ಒಂದೇ ಒಂದು ಹೊಸ ವಾಲ್ವ್

ಶಿಂಷಾ ನದಿಯ ದಂಡೆಯಲ್ಲಿ ಒಂದು ತಗಡಿನ ಶೆಡ್ ಇತ್ತು. ಒಳಗೆ ಒಬ್ಬರು ಗುರು, ಇಬ್ಬರು ಶಿಷ್ಯರು. ಮೂವರೂ ಒಟ್ಟಿಗೆ ಉಣ್ಣುತ್ತಿದ್ದರು, ಕೆಲಸದ ಹೊತ್ತಿನಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಊರವರು ಗೇಲಿಗೆ ಅದನ್ನು ಆಶ್ರಮ ಎನ್ನುತ್ತಿದ್ದರು.

ಆಶ್ರಮದ ತಪಸ್ಸು ಮಾತ್ರ ಬಂದೂಕಿನದು. ಹೆದರಬೇಡಿ, ಪೇಂಟ್‌ಬಾಲ್ ಬಂದೂಕು. ಗಾಳಿಯ ಒತ್ತಡಕ್ಕೆ ಬಣ್ಣದ ಗುಂಡು ಹಾರುತ್ತದೆ, ಮೈಗೆ ಬಡಿದು ಒಡೆಯುತ್ತದೆ. ಬಣ್ಣ ಹತ್ತಿದವನು ಆಟದಿಂದ ಹೊರಗೆ. ಸುತ್ತಲಿನ ಆಟದ ಮೈದಾನಗಳ ಬಂದೂಕುಗಳೆಲ್ಲ ರಿಪೇರಿಗೆ ಇಲ್ಲಿಗೇ ಬರುತ್ತಿದ್ದವು.

ಗುರು ಕಾಳಿಂಗಯ್ಯ. ಹಿಂದೆ ಔಷಧಿ ಸಿಂಪಡಿಸುವ ಪಂಪುಗಳನ್ನು ರಿಪೇರಿ ಮಾಡುತ್ತಿದ್ದವರು. ಈಗ ಅವರಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಬರುವ ಯುಗಾದಿಗೆ ತಮ್ಮ ಜಾಗ ಬಿಟ್ಟುಕೊಡುತ್ತೇನೆ ಎಂದಿದ್ದರು.

"ಯಾರಿಗೆ?" ಎಂದು ಹಿರಿಯ ಶಿಷ್ಯ ಮರಿಸ್ವಾಮಿ ಕೇಳಿದ.

"ಯಾರ ಬಂದೂಕು ಪ್ರತಿ ಸಲಾನೂ ಒಂದೇ ಸಮ ವೇಗಕ್ಕೆ ಹೊಡೀತದೋ ಅವರಿಗೆ."

ಮರಿಸ್ವಾಮಿ ಬಂದು ಆರು ವರ್ಷ. ಕಿರಿಯ ಶಿಷ್ಯೆ ಕೋಮಲ ಬಂದು ಒಂದು ವರ್ಷ. ಜಾಗ ತನಗೇ ಎಂದು ಮರಿಸ್ವಾಮಿ ನೆಮ್ಮದಿಯಾಗಿ ಮಲಗಿದ.

ಒಂದು ದಿನ ಪಾರ್ಸೆಲ್ ಬಂತು. ಒಳಗೆ ಹೆಬ್ಬೆರಳಿನಷ್ಟು ದಪ್ಪದ, ಫಳಫಳ ಹೊಳೆಯುವ ಹೊಸ ವಾಲ್ವ್. ಒಂದೇ ಒಂದು.

ಬಂದೂಕಿನ ಜೀವವೇ ವಾಲ್ವ್. ಒಳಗಿನ ಸುತ್ತಿಗೆ ಬಡಿದಾಗ ಅದು ತೆರೆದು, ಗುಂಡಿಗೆ ಬೇಕಾದಷ್ಟು ಗಾಳಿ ಬಿಟ್ಟು, ತಕ್ಷಣ ಮುಚ್ಚಿಕೊಳ್ಳಬೇಕು. ಹಳೆಯ ವಾಲ್ವ್‌ಗಳ ಬಾಯಿ ಕಿರಿದು. ಇದರ ಬಾಯಿ ಅಗಲ.

ಕಾಳಿಂಗಯ್ಯ ಅದನ್ನು ಕೋಮಲಳ ಕೈಗಿಟ್ಟರು.

ಮರಿಸ್ವಾಮಿಗೆ ಒಂದು ಹಳೆಯ ಹಿತ್ತಾಳೆ ವಾಲ್ವ್ ಕೊಟ್ಟರು. ಜೊತೆಗೆ ಬೆರಳುದ್ದದ ಅರ. "ಬಾಯಿ ಉಜ್ಜಿ ಅಗಲ ಮಾಡು."

ಮರಿಸ್ವಾಮಿಗೆ ಕೆನ್ನೆಗೆ ಬಾರಿಸಿದಂತಾಯಿತು.

"ಗುರುಗಳೇ, ನಿನ್ನೆ ಮೊನ್ನೆ ಬಂದೋಳಿಗೆ ಹೊಸದು. ನನಗೆ ಗುಜರಿ ಮಾಲಾ?"

"ಅಡುಗೆ ಬಾರದೋರಿಗೆ ಅನ್ನ ಬಡಿಸ್ತೀವಿ ಕಣ್ಲಾ. ಬರೋರಿಗೆ ಅಕ್ಕಿ ಕೊಡ್ತೀವಿ."

ಮರಿಸ್ವಾಮಿಯ ಕಿವಿಗೆ ಬಿದ್ದದ್ದು ಅರ್ಧವೇ. ಅವಳಿಗೆ ಅನ್ನ, ತನಗೆ ಅಕ್ಕಿ.

ಒಂಬತ್ತು ದಿನ ಅವನು ಉಜ್ಜಿದ. ಆರು ವರ್ಷದ ಕೈ, ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಕಣ್ಣು ಮಾತ್ರ ಕೋಮಲಳ ಕೆಲಸದ ಮಣೆಯ ಮೇಲೆ. ಅವಳು ನಕ್ಕರೆ ಉರಿ, ಸುಮ್ಮನಿದ್ದರೂ ಉರಿ. ಗುರುಗಳು ಅವಳಿಗೆ ಒಂದು ಲೋಟ ಮಜ್ಜಿಗೆ ಹೆಚ್ಚು ಕೊಟ್ಟ ದಿನ ಅವನು ಊಟವನ್ನೇ ಬಿಟ್ಟ. ದೂರದ ಬೆಟ್ಟ ನುಣ್ಣಗೆ ಅಂತಾರೆ. ಇವನಿಗೆ ನಾಲ್ಕು ಅಡಿ ಆಚೆಯ ಮಣೆಯೇ ದೂರದ ಬೆಟ್ಟವಾಗಿತ್ತು.

ತಾನು ಉಜ್ಜಿದ ವಾಲ್ವನ್ನು ಒಂದು ಸಲವೂ ಬಂದೂಕಿಗೆ ಹಾಕಿ ನೋಡಲಿಲ್ಲ. ಗುಜರಿಯನ್ನು ಏನು ನೋಡುವುದು!

ಪರೀಕ್ಷೆಯ ದಿನ ಬಂತು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಬಂದೂಕು ಸಿದ್ಧ ಮಾಡಿದವರು ಮುಖವಾಡ ತೊಟ್ಟು ಇಪ್ಪತ್ತು ಹೆಜ್ಜೆ ದೂರ ನಿಲ್ಲಬೇಕು. ಅವರ ಬಂದೂಕಿನಿಂದಲೇ ಗುರುಗಳು ಅವರಿಗೆ ಹೊಡೆಯುತ್ತಿದ್ದರು. ಅದಕ್ಕೆ ಮೊದಲು ವೇಗ ಅಳೆಯುವ ಯಂತ್ರದ ಮುಂದೆ ಗುಂಡು ಹಾರಿಸಿ ನೋಡುವುದು. ಸೆಕೆಂಡಿಗೆ ಇನ್ನೂರ ಎಂಬತ್ತು ಅಡಿ ದಾಟಬಾರದು, ದಾಟಿದರೆ ಮೈಗೆ ಗಾಯ.

ಅಂದು ಮಧ್ಯಾಹ್ನ ತಟ್ಟೆ ತೊಳೆಯುವ ಸರದಿ ಕೋಮಲಳದು. ಅವಳು ನದಿಗೆ ಇಳಿದಳು. ಗುರುಗಳು ಚಾಪೆಯ ಮೇಲೆ ಕಣ್ಣು ಮುಚ್ಚಿ ಒರಗಿದ್ದರು.

ಮರಿಸ್ವಾಮಿ ಎದ್ದ. ಕೋಮಲಳ ಬಂದೂಕು ಬಿಚ್ಚಿದ. ಹೊಸ ವಾಲ್ವ್ ತೆಗೆದು ತನ್ನ ಬಂದೂಕಿಗೆ ಹಾಕಿಕೊಂಡ. ತನ್ನ ಹಿತ್ತಾಳೆಯದನ್ನು ಅವಳ ಬಂದೂಕಿಗೆ ತುರುಕಿದ. ಹೊರಗಿನಿಂದ ನೋಡಿದರೆ ಎರಡೂ ಬಂದೂಕು ಹೇಗಿದ್ದವೋ ಹಾಗೇ ಇದ್ದವು.

ಬಾಯಿ ಅಗಲವಾದ ವಾಲ್ವ್ ಹಾಕಿದರೆ ಸುತ್ತಿಗೆಯ ಸ್ಪ್ರಿಂಗನ್ನು ಸಡಿಲ ಮಾಡಬೇಕು. ಇಲ್ಲದಿದ್ದರೆ ಗಾಳಿ ವಿಪರೀತ ನುಗ್ಗುತ್ತದೆ. ಕೋಮಲ ತನ್ನದನ್ನು ಎಂದೋ ಸಡಿಲಿಸಿದ್ದಳು. ಅದನ್ನು ಅವಳಿಗೆ ಹೇಳಿಕೊಟ್ಟವನೇ ಮರಿಸ್ವಾಮಿ. ಹೊಟ್ಟೆಗೆ ಕಿಚ್ಚು ಬಿದ್ದವನಿಗೆ ತನ್ನ ಬಂದೂಕಿನ ಸ್ಪ್ರಿಂಗ್ ಎಲ್ಲಿ ನೆನಪಾಗಬೇಕು!

ಸಂಜೆ ಮೊದಲ ಸರದಿ ಮರಿಸ್ವಾಮಿಯದು. ಗುರುಗಳು ಅವನ ಬಂದೂಕನ್ನು ಯಂತ್ರದ ಮುಂದೆ ಹಿಡಿದರು. ಅಂಕಿ ಓದುವುದು ಕೋಮಲ.

"ಮುನ್ನೂರ ಮೂವತ್ತೊಂದು," ಎಂದಳು. "ಮುನ್ನೂರ ಮೂವತ್ತಾರು."

ಮರಿಸ್ವಾಮಿ ಆಗಲೇ ಮುಖವಾಡ ತೊಟ್ಟು ದೂರ ನಿಂತಿದ್ದ. ಗುರುಗಳು ಟ್ರಿಗರ್‌ನಿಂದ ಬೆರಳು ತೆಗೆದರು.

"ಬಾರ್ಲಾ ಈಚೆಗೆ. ಈ ವೇಗಕ್ಕೆ ಚರ್ಮ ಕಿತ್ಕಂಡು ಬತ್ತದೆ."

ಅವನು ತಲೆ ತಗ್ಗಿಸಿ ಬಂದ. ಆರು ವರ್ಷದಲ್ಲಿ ಗುರುಗಳು ಹೊಡೆಯದೆ ಕೆಳಗಿಟ್ಟ ಬಂದೂಕು ಅದೊಂದೇ.

ಈಗ ಕೋಮಲ ದೂರ ಹೋಗಿ ನಿಂತಳು. ಅಂಕಿ ಓದುವ ಸರದಿ ಮರಿಸ್ವಾಮಿಯದು. ತನ್ನ ಗುಜರಿ ಅವಳ ಮಾನವನ್ನೂ ಕಳೆಯುತ್ತದೆ, ಇಬ್ಬರೂ ಸಮ ಆಗುತ್ತೇವೆ ಎಂದು ಅವನು ಕಾದ. ಎಂಥ ಸಮಾಧಾನ ನೋಡಿ!

ಗುಂಡು ಹಾರಿತು.

"ಇನ್ನೂರ ಎಪ್ಪತ್ತೆಂಟು," ಎಂದ.

ಇನ್ನೊಂದು.

"ಇನ್ನೂರ ಎಪ್ಪತ್ತೆಂಟು."

ಗುರುಗಳು ಹತ್ತು ಗುಂಡು ಹಾರಿಸಿದರು. ಎಂಟು ಸಲ ಎಪ್ಪತ್ತೆಂಟು, ಎರಡು ಸಲ ಎಪ್ಪತ್ತೊಂಬತ್ತು. ಒಂದೊಂದು ಅಂಕಿಯನ್ನೂ ಮರಿಸ್ವಾಮಿ ತನ್ನ ಬಾಯಿಂದಲೇ ಹೇಳಬೇಕಾಯಿತು.

ಆಮೇಲೆ ಗುರುಗಳು ಕೋಮಲಳ ತೋಳಿಗೆ ಹೊಡೆದರು. ಹಳದಿ ಬಣ್ಣ ಚೆಲ್ಲಿತು. ಅವಳು ತೋಳು ಒರೆಸಿಕೊಳ್ಳುತ್ತ ಓಡಿ ಬಂದಳು.

"ಗುರುಗಳೇ, ನೆನ್ನೆ ಗಂಟ ಇದು ಇಷ್ಟು ಸಮ ಇರ್ಲಿಲ್ಲ. ಹತ್ತು ಹನ್ನೆರಡು ಹೆಚ್ಚುಕಮ್ಮಿ ಆಗ್ತಿತ್ತು. ನಾನೇನೂ ಮಾಡಿಲ್ಲ."

ಗುರುಗಳು ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಗುಂಡಿಲ್ಲದೆ ಒಮ್ಮೆ ಹೊಡೆದರು. ಟಪ್ ಎಂದಿತು.

"ನಲವತ್ತು ವರ್ಷ ಗಾಳಿ ಸದ್ದು ಕೇಳಿದೀನಿ. ಇಷ್ಟು ಚೆಂದಾಗಿ ಮುಚ್ಕೊಳೋ ವಾಲ್ವ್ ಕೇಳಿರ್ಲಿಲ್ಲ. ಇದನ್ನ ಮಾಡಿದ ಕೈಗೆ ನನ್ನ ಜಾಗ ಕೊಡ್ಬೋದು."

"ಅದು ಪಾರ್ಸೆಲ್‌ನಾಗೆ ಬಂದದ್ದು," ಎಂದಳು ಕೋಮಲ. "ಮಾಡ್ದೋರು ಯಾರೋ ಏನೋ."

"ಮಾಡ್ದೋರು ಸಿಗದಿದ್ರೆ ಬಂದೂಕು ಯಾರದೋ ಅವರಿಗೆ." ಗುರುಗಳು ಅವಳ ಕಡೆ ತಿರುಗಿದರು.

ಮರಿಸ್ವಾಮಿಗೆ ತಡೆಯಲಾಗಲಿಲ್ಲ. ಸೋಲನ್ನು ತಡೆದುಕೊಂಡಿದ್ದ. ತನ್ನ ಕೆಲಸದ ಹೊಗಳಿಕೆ ಅವಳ ಪಾಲಾಗುವುದನ್ನು ತಡೆಯಲಾರದೆ ಹೋದ.

"ಅದು ನಂದು!" ಎಂದು ಕೂಗಿದ. "ಆ ವಾಲ್ವ್ ನಂದು ಗುರುಗಳೇ! ಬಿಚ್ಚಿ ನೋಡಿ. ಒಂಬತ್ತು ದಿನ ಉಜ್ಜಿದ್ದು ನಾನು!"

ಕೋಮಲ ಬಂದೂಕು ಬಿಚ್ಚಿದಳು. ಹಿತ್ತಾಳೆ ವಾಲ್ವ್ ಅವಳ ಅಂಗೈಗೆ ಬಿತ್ತು. ಅವಳು ಮರಿಸ್ವಾಮಿಯ ಬಂದೂಕನ್ನೂ ಬಿಚ್ಚಿದಳು. ಹೊಸದು ಅಲ್ಲಿತ್ತು.

ಅವಳು ಬೈಯುತ್ತಾಳೆ ಎಂದು ಅವನು ಕಾದ. ಅವಳು ಹಿತ್ತಾಳೆಯದನ್ನು ಬೆಳಕಿಗೆ ಹಿಡಿದು, ಅದರ ಬಾಯಿಯ ಸುತ್ತ ಉಗುರು ಆಡಿಸುತ್ತಿದ್ದಳು.

"ಎಲ್ಲೂ ಉಗುರು ತಡೀತಿಲ್ಲ," ಎಂದಳು. "ಒಂದು ವರ್ಷದಿಂದ ನಿನ್ನ ಕೈ ನೋಡಿ ಹೊಟ್ಟೆ ಉರ್ಕೊಂಡಿದೀನಿ ಅಣ್ಣಾ. ನಂಗೆ ಅರ ಹಿಡಿಯೋಕೂ ಬರಾಕಿಲ್ಲ. ಇಂಥದ್ದು ಮಾಡಿ ನಂಗೆ ಬಿಸಾಕಿದ್ಯಾ?"

ಮರಿಸ್ವಾಮಿ ಅವಳ ಮುಖ ನೋಡಲಿಲ್ಲ. ಗುರುಗಳ ಕಾಲ ಬಳಿ ಕುಸಿದು ಕೂತ.

"ತಪ್ಪಾಯ್ತು ಗುರುಗಳೇ. ಬಂದೂಕು ಅವಳದು, ಒಪ್ಕೋತೀನಿ. ಆದ್ರೆ ಮಾಡಿದ ಕೈಗೆ ಜಾಗ ಅಂದ್ರಲ್ಲ. ಆ ವಾಲ್ವ್ ಮಾಡ್ದೋನು ನಾನು."

ಕಾಳಿಂಗಯ್ಯ ವಾಲ್ವನ್ನು ಇಸಿದುಕೊಂಡರು. ಹೆಬ್ಬೆರಳಿನಿಂದ ಅದರ ಬಾಯಿ ಸವರಿದರು.

"ಇದನ್ನ ಮಾಡ್ದೋನು ಮಧ್ಯಾನದ ಗಂಟ ಇಲ್ಲೇ ಕೂತಿದ್ದ ಕಣ್ಲಾ. ಹೋಗಿ ಕರ್ಕಂಡ್ ಬಾ, ಅವನಿಗೇ ಕೊಡ್ತೀನಿ."