ದೊಡ್ಡವ್ವನ ಒಣ ಸೀರೆ

"ಗುರುಗಳೇ, ವಯಸ್ಸಾದವರನ್ನು ದೂರದೂರಿಗೆ ಕರೆದುಕೊಂಡು ಹೋಗುವಾಗ ಏನೇನು ಸಿದ್ಧಮಾಡಿಕೊಳ್ಳಬೇಕು?" ಎಂದು ಕರಿಬಸವ ಕೇಳಿದ.

ಕೇಳಿದವನು ತಲೆ ಎತ್ತಲಿಲ್ಲ. ವಯಸ್ಸಾದವರು ಯಾರೆಂಬುದು ಇಬ್ಬರಿಗೂ ಗೊತ್ತಿತ್ತು. ಮರುದಿನ ಗುರುಗಳು ಗಾಡಿಯಲ್ಲಿ ಹೊಳೆಯಾಚೆಯ ಮಠಕ್ಕೆ ಹೊರಡುವವರಿದ್ದರು. ಜೊತೆಗೆ ಹೋಗುವವನು ಶಿಷ್ಯ ಕರಿಬಸವನೇ. ಈಚೆಗೆ ಗುರುಗಳಿಗೆ ಮೂತ್ರ ತಡೆಯುತ್ತಿರಲಿಲ್ಲ. ಎದ್ದು ಹೊರಗೆ ಹೋಗುವಷ್ಟರಲ್ಲಿ ಕಾವಿ ಒದ್ದೆಯಾಗುತ್ತಿತ್ತು. ತಮ್ಮ ಮಠದಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ನೇರವಾಗಿ ಕೇಳಲು ನಿನಗೆ ನಾಚಿಕೆ. ಇರಲಿ, ನಾನೂ ಬೇರೆಯವರ ಮೇಲೆ ಹಾಕಿಯೇ ಹೇಳುತ್ತೇನೆ" ಎಂದು ನಕ್ಕು ಗುರುಗಳು ಕತೆ ತೊಡಗಿದರು.

ಒಬ್ಬ ಕುಂಬಾರನಿದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ತಾಯಿಯ ಅಕ್ಕ, ಅವನ ದೊಡ್ಡವ್ವ. ಅವಳಿಗೊಬ್ಬ ತಮ್ಮ, ಎರಡು ದಿನದ ದಾರಿಯ ಊರಿನಲ್ಲಿದ್ದ. ಹಿಂದೆ ಅವರ ತಾಯಿ ಸತ್ತಾಗ ತಮ್ಮ ಹೇಳಿಕಳಿಸಿದ್ದು ತಡವಾಯಿತು. ಅಕ್ಕ ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಹೆತ್ತವಳ ಮುಖ ಸಿಗಲಿಲ್ಲವೆಂಬ ಸಂಕಟದಲ್ಲಿ ಅವಳು, "ಇನ್ನು ನಿನ್ನ ಮನೆ ನೀರು ಮುಟ್ಟಲ್ಲ" ಎಂದು ಬಂದ ಕಾಲಲ್ಲೇ ತಿರುಗಿದಳು. ಆಡಿದ ಮಾತು ವರ್ಷಗಟ್ಟಲೆ ಉಳಿಯಿತು. ಈಗ ತಮ್ಮನೂ ಮುದುಕ. ಅಕ್ಕ ಬಂದು ಒಂದು ಲೋಟ ನೀರು ಕುಡಿದರೆ ಸಾಕೆಂದು ಅವನೇ ಹೇಳಿಕಳಿಸಿದ. ಅವರ ಕಡೆಯ ರೂಢಿ ಹಾಗೆ. ನೀರು ಬಿಟ್ಟವರು ಆ ಮನೆಯ ಹೊಸಿಲಲ್ಲಿ ಬೆಲ್ಲದ ನೀರು ಕುಡಿದರೆ ಮುನಿಸು ಮುಗಿಯಿತು; ಬೇರೆ ಮಾತು ಬೇಕಿಲ್ಲ. ಸಾಯುವುದರೊಳಗೆ ಕುಡಿದು ಬರುತ್ತೇನೆಂದು ದೊಡ್ಡವ್ವ ಹೊರಟಳು.

ಅವಳಿಗೂ ಮೂತ್ರ ತಡೆಯುತ್ತಿರಲಿಲ್ಲ. ಕುಂಬಾರ ಜಾಣ. ಅವಳಿಗೆಂದೇ ಅಗಲ ಬಾಯಿಯ ಗಿಡ್ಡ ಮಡಕೆಯೊಂದನ್ನು ಮಾಡಿ ಸುಟ್ಟ. ಗಾಡಿಯಲ್ಲಿ ಮಡಕೆ ಸುಡುವ ಆವಿಗೆಯ ಬೂದಿ ಹರಡಿ, ಮೇಲೆ ಹುಲ್ಲು ಹಾಸಿದ. ಹಳೆಯ ಸೀರೆಗಳನ್ನು ಒಗೆದು ಗಂಟು ಕಟ್ಟಿದ. ಮರೆಯಿರುವ ತೋಪುಗಳು ಎಲ್ಲೆಲ್ಲಿವೆ ಎಂದು ಆ ದಾರಿಯ ಗಾಡಿಯವರನ್ನೆಲ್ಲ ಕೇಳಿ ತಿಳಿದುಕೊಂಡ. ಅವನಿಗೆ ಬುದ್ಧಿ ಹೇಳುವಂಥದ್ದು ಏನೂ ಇರಲಿಲ್ಲ.

ಮೊದಲ ತೋಪಿನಲ್ಲಿ ಗಾಡಿ ನಿಲ್ಲಿಸಿದ. ಹೊರಟು ಹೆಚ್ಚು ಹೊತ್ತಾಗಿರಲಿಲ್ಲ, ಸೀರೆ ಒದ್ದೆಯಾಗಿರಲಿಲ್ಲ. "ಭೇಷ್ ದೊಡ್ಡವ್ವಾ! ಒಂದು ಹನಿ ಇಲ್ಲ!" ಎಂದು ಕುಣಿದಾಡಿದ. ಅವಳೂ ನಕ್ಕಳು. ಮುಂದಿನ ತೋಪಿನಲ್ಲೂ ಒಣ ಸೀರೆ, ಮತ್ತೆ ಭೇಷ್. ಮರುದಿನವೂ ಹಾಗೇ. ತನ್ನ ಏರ್ಪಾಡು ಗೆದ್ದಿತೆಂದು ಅವನು ಉಬ್ಬಿಹೋದ. ಕುಡಿಯಲು ಕೊಟ್ಟ ನೀರನ್ನು ಅವಳು ಆಮೇಲೆ ಎಂದು ಪಕ್ಕಕ್ಕಿಡುತ್ತಿದ್ದಳು. ಸೀರೆ ನೋಡುವುದರಲ್ಲಿದ್ದವನು ಲೋಟ ನೋಡಲಿಲ್ಲ. ಅವಳ ತುಟಿ ಒಡೆದದ್ದು ಬಿಸಿಲಿಗೆ ಎಂದುಕೊಂಡ.

ತಮ್ಮನ ಮನೆ ಬಂತು. ಅವನು ತಾನೇ ಲೋಟ ಹಿಡಿದು ಹೊಸಿಲಲ್ಲಿ ನಿಂತಿದ್ದ. ದೊಡ್ಡವ್ವ ಲೋಟ ನೋಡಿದಳು, ಒಳಗೆ ಹಾಸಿದ್ದ ಹೊಸ ಜಮಖಾನ ನೋಡಿದಳು, ನೆರೆದಿದ್ದ ಜನರನ್ನು ನೋಡಿದಳು. "ಈಗ ಬ್ಯಾಡ ಕಣಪ್ಪಾ" ಎಂದಳು.

ತಮ್ಮನ ಮುಖ ಸಣ್ಣದಾಯಿತು. "ಇದನ್ನ ಹೇಳಾಕೆ ಇಷ್ಟು ದೂರ ಬಂದ್ಯಾ ಅಕ್ಕಾ?" ಎಂದು ನೀರನ್ನು ಅಂಗಳಕ್ಕೆ ಚೆಲ್ಲಿ ಒಳಗೆ ಹೋದ.

ಕುಂಬಾರನಿಗೆ ದಿಕ್ಕೇ ತೋಚಲಿಲ್ಲ. ನೀರು ಕುಡಿಯಲೆಂದೇ ಬಂದವಳು ನೀರನ್ನೇ ಬೇಡವೆಂದಳಲ್ಲ! ಹಳೆಯ ಸಿಟ್ಟು ಮರುಕಳಿಸಿತೇ? ವಯಸ್ಸಿಗೆ ಬುದ್ಧಿ ಮಂಕಾಯಿತೇ? ಅವಳನ್ನು ಗಾಡಿಯ ಮರೆಗೆ ಕರೆದು ಕೇಳಿದ.

"ನಿನ್ನೆಯಿಂದ ನೀರು ಕುಡಿದಿಲ್ಲ ಕಣೋ. ಸೀರೆ ಒಣಗಿದ್ರೆ ನೀನು ಅಷ್ಟು ಹಿಗ್ಗತಿದ್ದೆ. ಒದ್ದೆ ಮಾಡಿ ನಿನ್ನ ಮುಖ ಬಾಡಿಸಾಕೆ ಮನಸ್ಸು ಬರಲಿಲ್ಲ. ಈಗ ಇಷ್ಟು ಜನದ ಮುಂದೆ ಹ್ಯಾಗೆ ಕುಡೀಲಿ?"

ಕುಂಬಾರ ಯೋಚಿಸಿದ. ಒಳಗೆ ಹೋಗಿ ಕಾರಣ ಹೇಳಿದರೆ ದೊಡ್ಡವ್ವನ ಮಾನ ಹೋಗುತ್ತದೆ, ಹೇಳದಿದ್ದರೆ ಅವಳ ತಮ್ಮನೇ ಹೋಗುತ್ತಾನೆ. ಬಾಯೊಳಗಿನ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಗಾಡಿಯಲ್ಲಿದ್ದ ಬಿಚ್ಚದ ಗಂಟು ತೋರಿಸಿ, "ನೆನೀಲಿ ಅಂತಲೇ ಅಲ್ವಾ ದೊಡ್ಡವ್ವಾ, ಇಷ್ಟು ಸೀರೆ ತಂದಿದ್ದು?" ಎಂದ.

ದೊಡ್ಡವ್ವ ಹೊಸಿಲಿಗೆ ಹೋದಳು. "ಬಾಯಾರೈತೆ ತಮ್ಮಾ, ನೀರು ಕೊಡು" ಎಂದು ತಾನೇ ಕೇಳಿದಳು. ತಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಆದರೂ ಓಡಿಹೋಗಿ ತಂದ. ಒಂದು ಲೋಟವಲ್ಲ, ಚೊಂಬು ತುಂಬ ಕುಡಿದಳು. ಸ್ವಲ್ಪ ಹೊತ್ತಿಗೆ ಹೊಸ ಜಮಖಾನ ನೆನೆಯಿತು. ಆಗ ತಮ್ಮನಿಗೆ ಎಲ್ಲ ತಿಳಿಯಿತು. ನೀರು ಚೆಲ್ಲಿದ್ದಕ್ಕೆ ತನ್ನನ್ನೇ ಬೈದುಕೊಂಡು, ಅಕ್ಕನ ಕಾಲ ಬಳಿ ಕೂತು ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಅರ್ಥವಾಯಿತು ಗುರುಗಳೇ. ನಾಳೆ ದಾರಿಯಲ್ಲಿ ಬಾವಿ ಸಿಕ್ಕಲ್ಲೆಲ್ಲ ನಿಮಗೆ ನೀರು ಕುಡಿಸುತ್ತೇನೆ" ಎಂದು ಕರಿಬಸವ ಹಗುರಾಗಿ ಎದ್ದ.

"ಇವತ್ತು ಕಾವಿ ಒದ್ದೆಯಾಗಿಲ್ಲವೆಂದು ಬೆಳಗ್ಗೆ ಎಷ್ಟು ಹಿಗ್ಗಿದೆ ಮಗು, ನಾನು ನಿನ್ನೆಯಿಂದ ನೀರು ಕುಡಿದಿಲ್ಲ" ಎಂದರು ಗುರುಗಳು.

ಕರಿಬಸವ ಓಡಿಹೋಗಿ ಚೊಂಬು ತುಂಬ ನೀರು ತಂದ.