ಇನ್ನೂರ ಇಪ್ಪತ್ತೊಂದು ಹುಣಸೆ ಬೀಜ

"ಗುರುಗಳೇ, ಒಂದು ಸಂಖ್ಯೆ ಅವಿಭಾಜ್ಯವೆಂದು ಹೇಳುವ ಮೊದಲು ಎಷ್ಟರವರೆಗೆ ಭಾಗಿಸಿ ನೋಡಬೇಕು? ಹನ್ನೊಂದರವರೆಗೆ ನೋಡಿದರೆ ಪರೀಕ್ಷೆಗೆ ಸಾಕು ಎಂದು ಎಲ್ಲರೂ ಹೇಳುತ್ತಾರೆ" ಎಂದು ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಂದು ನಾಡಿನಲ್ಲಿ ಶಾಲಾ ಶಿಕ್ಷಕರನ್ನು ಆರಿಸಲು ಪರೀಕ್ಷೆ ನಡೆಯುತ್ತಿತ್ತು. ನಲವತ್ತು ಸಾವಿರ ಮಂದಿ ಬರೆಯುತ್ತಿದ್ದರು. ಪ್ರತಿ ಪ್ರಶ್ನೆಗೂ ನಾಲ್ಕು ಉತ್ತರಗಳಿರುತ್ತಿದ್ದವು. ಸರಿಯಾದುದರ ಎದುರಿನ ವೃತ್ತವನ್ನು ಕಪ್ಪು ಮಾಡಬೇಕು. ಒಂದು ವರ್ಷ ಈ ಪ್ರಶ್ನೆ ಬಂತು: ಇನ್ನೂರ ಇಪ್ಪತ್ತೊಂದಕ್ಕೆ ಎಷ್ಟು ಅವಿಭಾಜ್ಯ ಅಪವರ್ತನಗಳಿವೆ? ಎರಡು, ಮೂರು, ಐದು, ಏಳು, ಹನ್ನೊಂದು, ಇವುಗಳಲ್ಲಿ ಯಾವುದರಿಂದಲೂ ಆ ಸಂಖ್ಯೆ ನಿಶ್ಶೇಷವಾಗಿ ಭಾಗವಾಗದು. ಹೆಚ್ಚಿನವರು ಅಲ್ಲಿಗೇ ನಿಲ್ಲಿಸಿದರು. ಅದು ಅವಿಭಾಜ್ಯ, ತಾನೇ ತನ್ನ ಏಕೈಕ ಅಪವರ್ತನ ಎಂದು ತೀರ್ಮಾನಿಸಿ 'ಒಂದು' ಎಂಬುದನ್ನು ಕಪ್ಪು ಮಾಡಿದರು.

ಪದವಿ ಪಡೆದೂ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ ಹೆಂಗಸೊಬ್ಬಳು ಹದಿಮೂರರಿಂದಲೂ ಭಾಗಿಸಿದಳು. ಹದಿನೇಳು ಬಂತು, ಶೇಷ ಉಳಿಯಲಿಲ್ಲ. ಅವಳು 'ಎರಡು' ಎಂಬುದನ್ನು ಕಪ್ಪು ಮಾಡಿದಳು.

ವಾರದ ಬಳಿಕ ಕೀ ಉತ್ತರಗಳು ಪ್ರಕಟವಾದವು. ಅವುಗಳಲ್ಲಿ ಆ ಪ್ರಶ್ನೆಗೆ 'ಒಂದು' ಎಂದಿತ್ತು. ಕೆಳಗೆ ಮೂವರು ತಜ್ಞರ ಸಹಿಯಿತ್ತು. ಆಯ್ಕೆಗೆ ಅವಳಿಗೆ ಆ ಒಂದೇ ಅಂಕ ಕಡಿಮೆ ಬಿತ್ತು. ವಯೋಮಿತಿಯ ಪ್ರಕಾರ ಅದು ಅವಳ ಕೊನೆಯ ಪರೀಕ್ಷೆ.

ಆಕ್ಷೇಪಣೆಗೆ ಮೂರು ದಿನಗಳ ಅವಕಾಶವಿತ್ತು. ಅಧಿಕೃತ ಪುಸ್ತಕದ ಪುಟವನ್ನು ಆಧಾರವಾಗಿ ಲಗತ್ತಿಸತಕ್ಕದ್ದು ಎಂಬುದು ನಿಯಮ. ಅವಳು ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿದಳು. ಭಾಗಿಸುವ ಕ್ರಮ ಎಲ್ಲದರಲ್ಲೂ ಇತ್ತು. ಇನ್ನೂರ ಇಪ್ಪತ್ತೊಂದು ಯಾವುದರಲ್ಲೂ ಇರಲಿಲ್ಲ. ಮೂರನೆಯ ದಿನ ಅಷ್ಟು ಹುಣಸೆ ಬೀಜಗಳನ್ನು ಎಣಿಸಿ, ಸೆರಗಿನಲ್ಲಿ ಕಟ್ಟಿಕೊಂಡು ತಜ್ಞರ ಮುಂದೆ ಹೋದಳು. ಮೇಜಿನ ಮೇಲೆ ಹದಿನೇಳು ಬೀಜಗಳ ಒಂದು ಸಾಲು ಇಟ್ಟಳು. ಎರಡನೆಯದನ್ನು ಇಟ್ಟಳು. ಮೂರನೆಯದನ್ನು ಇಟ್ಟಳು.

"ಏನಮ್ಮಾ, ಇದನ್ನೇನು ಚೌಕಾಬಾರ ಆಡೋ ಕಟ್ಟೆ ಅಂದ್ಕೊಂಡ್ಯಾ?" ಎಂದನು ಹಿರಿಯ ತಜ್ಞ. ಉಳಿದಿಬ್ಬರು ನಕ್ಕರು.

"ಹದಿಮೂರು ಸಾಲು ಮುಗಿಸೋಕೆ ಬಿಡಿ ಸಾರ್. ಒಂದೇ ಒಂದು ಬೀಜ ಮಿಕ್ಕರೂ ಬಾಯಿ ಮುಚ್ಕೊಂಡು ಗೂಡಿಗೆ ವಾಪಸ್ ಹೋಗ್ತೀನಿ."

"ಪುಟ ತಂದಿದ್ರೆ ಕೊಡು. ಇಲ್ಲಾಂದ್ರೆ ಬೀಜ ಬಾಚ್ಕೊಂಡು ಹೊರಡು."

ಅವಳು ಬಾಚಿಕೊಂಡು ಹೊರಟಳು. ಸಂಜೆ ಆದೇಶ ಬಂತು: ಆಧಾರ ಲಗತ್ತಿಸಿಲ್ಲ, ಆಕ್ಷೇಪಣೆ ತಿರಸ್ಕೃತ, ಕೀ ಉತ್ತರ ಅಂತಿಮ. ಕೆಳಗೆ ಅವೇ ಮೂರು ಸಹಿ. ಮರುದಿನ ಅವಳು ಗೂಡಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಮುಂದಿನ ವರ್ಷದ ಅಧಿಕೃತ ಮಾರ್ಗದರ್ಶಿಯಲ್ಲಿ ಇನ್ನೂರ ಇಪ್ಪತ್ತೊಂದು ಅವಿಭಾಜ್ಯ ಎಂದು ಅಚ್ಚಾಯಿತು. ಈಗ ಅದಕ್ಕೆ ಪುಟವೂ ಇದೆ.

ಶಿಷ್ಯನು ದಿಗ್ಭ್ರಮೆಗೊಂಡನು. "ಎಂಥ ಅಜ್ಞಾನ ಗುರುಗಳೇ! ಹದಿಮೂರರಿಂದ ಒಮ್ಮೆ ಭಾಗಿಸಿದ್ದರೆ ಸಾಕಿತ್ತು. ಆ ಮೂವರಲ್ಲಿ ಒಬ್ಬರಿಗಾದರೂ ಅದು ಹೊಳೆಯಲಿಲ್ಲವೇ?"

"ಅವಳು ಬಾಗಿಲು ದಾಟಿದ ಕೂಡಲೇ ನಾವು ಮೂವರೂ ಭಾಗಿಸಿ ನೋಡಿದೆವು, ಸಹಿ ಹಾಕಿದ್ದು ಆಮೇಲೆ" ಎಂದರು ಗುರುಗಳು.