ಉಗ್ರಾಣಿಯ ಮೂಗಿಗೆ ಹತ್ತಿದ ನೊರೆ

ಕೂತವರು ಕೂತಲ್ಲೇ ಕೇಳಿ. ಒಂದು ರಾಜ್ಯ ಇತ್ತು. ಅಲ್ಲಿ ಮುದ್ದೀರಯ್ಯ ಅಂತ ಒಬ್ಬ ಇದ್ದ. ಅರಮನೆಗೆ ರಾಗಿ ಹೆಂಡ ಮಾಡಿಕೊಡುವುದು ಅವನ ಕೆಲಸ. ನಿಜ ಹೇಳಬೇಕು ಅಂದರೆ ಅದು ಅವನ ಹೆಂಡತಿ ಚಿಕ್ಕತಾಯಿಯ ಕೆಲಸ. ಅವನು ಸೌದೆ ಒಡೆಯುತ್ತಿದ್ದ, ನೀರು ತರುತ್ತಿದ್ದ. ಅವಳು ಹೆಂಡ ಮಾಡುತ್ತಿದ್ದಳು.

ಚಿಕ್ಕತಾಯಿ ಸತ್ತಳು. ಗಡಿಗೆ ಉಳಿಯಿತು.

ಸುಗ್ಗಿ ಮುಗಿದ ದಿನ ರಾಜ ತನ್ನ ಕೈಯಾರೆ ಆಳುಗಳಿಗೆ ಹೆಂಡ ಹೊಯ್ಯುವುದು ಅಲ್ಲಿಯ ಪದ್ಧತಿ. ಅದಕ್ಕೆ ಇನ್ನೊಂದು ತಿಂಗಳು ಇತ್ತು. ಅರಮನೆಯ ಉಗ್ರಾಣ ನೋಡಿಕೊಳ್ಳುವ ಚನ್ನರಾಯ ರಾಜನಿಗೆ ಹೇಳಿದ, "ಬುದ್ಧೀ, ಕೈಗುಣ ಇದ್ದವಳು ಹೋದಳು. ಇವನಿಗೆ ಏನು ಬರುತ್ತೆ? ಹೆಂಡದ ಮನೆ ನನ್ನ ಅಳಿಯನಿಗೆ ಕೊಡಿಸಿ."

ರಾಜ ಅಂದ, "ಮೂರು ಗಡಿಗೆ ಹಾಕಲಿ. ಮೂರೂ ಕೆಟ್ಟರೆ ಮನೆ ಬಿಡಲಿ."

ಚಿಕ್ಕತಾಯಿ ಬಾಳಿದ್ದು ಆ ಮನೆಯಲ್ಲೇ. ಮುದ್ದೀರಯ್ಯನಿಗೆ ಬೇರೆ ಮನೆ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಮೊದಲನೇ ಗಡಿಗೆ ಹಾಕಿದ. ರಾಗಿ ನೆನೆಸಿದ. ಮೊಳಕೆ ಬರಿಸಿದ. ಒಣಗಿಸಿ ಬೀಸಿದ. ಗಂಜಿ ಕಾಯಿಸಿದ. ಬೆರಳು ಅದ್ದಿ, ಆರಿದೆ ಅಂದುಕೊಂಡು, ಹಳೇ ಹೆಂಡದ ತಳದ ಗಸಿ ಬೆರೆಸಿದ. ಆ ಗಸಿಯಿಂದಲೇ ಗಂಜಿ ಹುದುಗಬೇಕು. ಒಂದು ದಿನ ಆಯಿತು. ಎರಡು ಆಯಿತು. ಮೂರು ಆಯಿತು. ನೊರೆ ಇಲ್ಲ, ಸದ್ದಿಲ್ಲ.

ಚನ್ನರಾಯ ಎಲೆಯಡಿಕೆ ಅಗಿಯುತ್ತ ಬಂದು ಇಣುಕಿದ. "ಏನೋ ಮುದ್ದೀರ, ನಿನ್ನ ಹೆಂಡ ಇನ್ನೂ ಎದ್ದಿಲ್ಲವಾ? ಲಾಲಿ ಹಾಡಿದೆಯೇನೋ?"

ಮುದ್ದೀರಯ್ಯ ಗಡಿಗೆಯ ಮುಂದೆ ಕೂತ. ಯೋಚಿಸಿದ. ಚಿಕ್ಕತಾಯಿ ಬೆರಳು ಅದ್ದುತ್ತಿರಲಿಲ್ಲ. ಮೊಣಕೈ ಅದ್ದುತ್ತಿದ್ದಳು, ಎಳೇ ಮಗುವಿಗೆ ನೀರು ಹದ ನೋಡುವ ಹಾಗೆ. ಇವನ ಬೆರಳು ಕೊಡಲಿ ಹಿಡಿದು, ಕೆಂಡ ಎತ್ತಿ ಜಡ್ಡುಗಟ್ಟಿದ್ದವು. ಅವಕ್ಕೆ ಬಿಸಿ ತಿಳಿದಿರಲಿಲ್ಲ. ಬಿಸಿಗೆ ಗಸಿ ಸತ್ತಿತ್ತು.

ಎರಡನೇ ಗಡಿಗೆ ಹಾಕಿದ. ಮೊಣಕೈ ಅದ್ದಿದ. ನೊರೆ ಎದ್ದಿತು. ಮೂರನೇ ದಿನ ಬಾಯಿಗಿಟ್ಟರೆ ಹಲ್ಲು ಚುಳ್ಳೆಂದಿತು. ಬರೀ ಹುಳಿ.

"ಒಂದು ಚೊಂಬು ನಮ್ಮ ಮನೆಗೂ ಕಳಿಸೋ," ಅಂದ ಚನ್ನರಾಯ. "ಸಾರಿಗೆ ಹುಣಸೆಹಣ್ಣು ಉಳಿಯುತ್ತೆ."

ಮುದ್ದೀರಯ್ಯ ಗಡಿಗೆ ಬರಿದು ಮಾಡಿ ಮೂಸಿದ. ಒಳಗೆ ಹಳೇ ಹುಳಿ ವಾಸನೆ. ಚಿಕ್ಕತಾಯಿ ಬೂದಿ ಹಾಕಿ ತಿಕ್ಕುತ್ತಿದ್ದಳು, ಕುದಿಯುವ ನೀರು ಹುಯ್ಯುತ್ತಿದ್ದಳು, ಬೇವಿನ ಸೊಪ್ಪಿನ ಹೊಗೆಗೆ ಬೋರಲು ಹಾಕುತ್ತಿದ್ದಳು. ಇವನು ತಣ್ಣೀರಲ್ಲಿ ಗಲಬರಿಸಿ ಇಟ್ಟಿದ್ದ.

ಮೂರನೇ ಗಡಿಗೆ. ತಿಕ್ಕಿದ. ಹೊಗೆ ಹಿಡಿದ. ಮೊಣಕೈ ಅದ್ದಿದ. ಮುಚ್ಚಳದ ಸುತ್ತ ಜೇಡಿಮಣ್ಣು ಮೆತ್ತಿದ. ಗಡಿಗೆಗೆ ಉಸಿರಾಡಲು ಒಂದು ಟೊಳ್ಳು ಹುಲ್ಲುಕಡ್ಡಿ ಸಿಕ್ಕಿಸಿದ. ಗಡಿಗೆ ಗುಳುಗುಳು ಅಂದಿತು.

ಮಾರನೇ ದಿನ ನೋಡಿದರೆ ಒಣಗಿರಬೇಕಾದ ಮಣ್ಣು ಹಸಿ ಇತ್ತು. ಮುಚ್ಚಳ ತೆಗೆದ. ಹೆಂಡ ನಾಲ್ಕು ಬೆರಳು ಇಳಿದಿತ್ತು. ನೊರೆಯ ಮೇಲೆ ಅಗಿದ ವೀಳ್ಯದೆಲೆಯ ಚೂರು. ಮುದ್ದೀರಯ್ಯ ಎಲೆ ಹಾಕುವವನಲ್ಲ. ಅವನ ಮನೆಗೆ ಕಾಲಿಡುತ್ತಿದ್ದವರಲ್ಲಿ ಬಾಯಿ ಕೆಂಪಾದವನು ಒಬ್ಬನೇ.

ಈ ಸಲ ತಪ್ಪು ತನ್ನದಲ್ಲ ಅಂತ ಅವನಿಗೆ ಗೊತ್ತಾಯಿತು. ಸಿಟ್ಟು ಮಾಡಲಿಲ್ಲ. ಮೇಲಿನ ನೊರೆ ತೆಗೆದು ಚೆಲ್ಲಿದ. ಒಳ್ಳೆಯ ಹೆಂಡವನ್ನು ಇನ್ನೊಂದು ಗಡಿಗೆಗೆ, ಹೊಗೆ ಹಿಡಿದದ್ದಕ್ಕೆ, ಬಗ್ಗಿಸಿ ಅಟ್ಟದ ಮೇಲೆ ಇಟ್ಟ. ಹಳೇ ಗಡಿಗೆಯಲ್ಲಿ ಅರ್ಧ ಬಿಟ್ಟ. ಅದಕ್ಕೆ ಎರಡು ಅಚ್ಚು ಬೆಲ್ಲ ಹಾಕಿದ. ಮುಚ್ಚಳ ಹಾಕಿ ಮಣ್ಣು ಬಿಗಿಯಾಗಿ ಮೆತ್ತಿದ. ಹುಲ್ಲುಕಡ್ಡಿ ಸಿಕ್ಕಿಸಲಿಲ್ಲ.

ಮರುದಿನ ಮಧ್ಯಾಹ್ನ ನೀರಿಗೆ ಹೋದ.

ಚನ್ನರಾಯ ಬಂದ. ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮಣ್ಣು ಕೆರೆದ. ಮುಚ್ಚಳಕ್ಕೆ ಕೈ ಇಟ್ಟ. ಢಬ್! ಮುಚ್ಚಳ ಸೂರಿಗೆ ಹಾರಿತು. ಹೆಂಡ ಮೀಸೆಗೆ, ಪೇಟಕ್ಕೆ, ಮೂಗಿನ ಹೊಳ್ಳೆಗೆ.

ಅವನು ಮುಖ ಒರೆಸಿಕೊಳ್ಳಲಿಲ್ಲ. ಗೆದ್ದೆ ಅನ್ನುವ ಅವಸರ. ಅರಮನೆಗೆ ಓಡಿದ. "ಬುದ್ಧೀ! ಮೂರನೇ ಗಡಿಗೆಯೂ ಹಾಳಾಯಿತು! ಮನೆ ಬಿಡಿಸಿ!"

ರಾಜ ಅವನನ್ನು ಮೇಲಿಂದ ಕೆಳಗೆ ನೋಡಿದ. "ಗಡಿಗೆ ಇರೋದು ಅವನ ಮನೆಯಲ್ಲಿ. ನೊರೆ ನಿನ್ನ ಮೂಗಿಗೆ ಹೇಗೆ ಬಂತಯ್ಯ?"

ಚನ್ನರಾಯ ಬಾಯಿ ತೆರೆದ. ಸೀನು ಬಂತು.

ರಾಜ ಮುದ್ದೀರಯ್ಯನನ್ನು ಕರೆಸಿದ. ಅವನು ಅಟ್ಟದ ಗಡಿಗೆ ಹೊತ್ತು ಬಂದ. ರಾಜ ರುಚಿ ನೋಡಿ ತಲೆಯಾಡಿಸಿದ. "ಮೊದಲೆರಡು ಯಾಕೆ ಕೆಟ್ಟವು?"

"ಒಂದು ನನ್ನ ಬೆರಳಿನ ತಪ್ಪು ಬುದ್ಧಿ. ಇನ್ನೊಂದು ನನ್ನ ಸೋಮಾರಿತನ. ಈ ಮೂರನೇದರ ವಿಚಾರ ಉಗ್ರಾಣಿಗಳನ್ನೇ ಕೇಳಿ."

ಮನೆ ಮುದ್ದೀರಯ್ಯನಿಗೆ ಉಳಿಯಿತು. ಉಗ್ರಾಣದ ಕೆಲಸ ಚನ್ನರಾಯನಿಗೆ ಉಳಿಯಲಿಲ್ಲ. ಸುಗ್ಗಿಯ ಗಡಿಗೆಗಳನ್ನೆಲ್ಲ ಬೂದಿ ಹಾಕಿ ತಿಕ್ಕುವ ಕೆಲಸ ಸಿಕ್ಕಿತು.

ಸುಗ್ಗಿಯ ದಿನ ಹೆಂಡ ಅರಮನೆಗೆ ಹೊರಡುವ ಮೊದಲು ಮುದ್ದೀರಯ್ಯ ಒಂದು ಬಟ್ಟಲು ತುಂಬಿದ. ಕುಡಿಯಲಿಲ್ಲ. ಚಿಕ್ಕತಾಯಿ ಕೂರುತ್ತಿದ್ದ ಕಡೆ, ಒಲೆಯ ಪಕ್ಕ, ನೆಲಕ್ಕೆ ಬಿಟ್ಟ. ನೆಲ ಹೀರಿಕೊಂಡಿತು.

ಕಥೆಯ ನೀತಿ ಇಷ್ಟೇ. ಕೆಲಸ ಕೆಟ್ಟರೆ ಮೊದಲು ನಿನ್ನ ಕೈ ನೋಡಿಕೋ. ಆಮೇಲೆ ನಿನ್ನ ಗಡಿಗೆ ನೋಡಿಕೋ. ಎರಡೂ ಸರಿ ಇದ್ದರೆ ಆಗ ಬೇರೆಯವರ ಕಡೆ ನೋಡು. ಇನ್ನೊಬ್ಬರ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡ. ಒಳಗೆ ಏನು ಕಟ್ಟಿಕೊಂಡು ಕೂತಿದೆಯೋ ನಿನಗೆ ಗೊತ್ತಿರುವುದಿಲ್ಲ.